ಬೆಸುಗೆ ನೋಡುವ ರಾತ್ರಿ, ಸೊಹಾರ್

ಹಗ್ಗ ಕಟ್ಟಿದ್ದಾಯಿತು. ಹಳದಿ ದೀಪ ಮಿಣುಕುತ್ತಿದೆ.
ಇರಿಡಿಯಂ ತನ್ನ ಗೂಡಿನಿಂದ ಹೊರಟು
ಕೊಳವೆಯ ಬೆಸುಗೆಯನ್ನು ಒಳಗಿಂದ ನೋಡುವ ನಾಲ್ಕು ನಿಮಿಷ
ನಮಗೆ ಕೆಲಸವಿಲ್ಲ.
ದೂರ ಕೂರಬೇಕು, ಪಿಕಪ್ಪಿನ ಬಾಗಿಲು ತೆರೆದು,
ಫ್ಲಾಸ್ಕಿನ ಸುಲೈಮಾನಿ ಹೀರುತ್ತಾ.

ಆಗ ಶುರು ಮಾಡುತ್ತಾನೆ ಕೊಟ್ರಬಸಯ್ಯ:
"ಏನಪಾ ದೇವಪುತ್ರ, ಎಲ್ಲಾ ಮಾಡಿದಾಂವ ನಿಮ್ಮ ದೇವರಂದ್ರ
ಕೆಟ್ಟದ್ದನ್ನ ಮಾಡಿದಾಂವ ಯಾರು?
ಆ ಗುತ್ತಿಗಿ ಯಾರಿಗೆ ಕೊಟ್ಟಿದ್ದ?"

ಲಿಂಗ ತೆಗೆದಿಟ್ಟು ಹನ್ನೆರಡು ವರ್ಷವಂತೆ ಅವನು.
ಎದೆಯ ಮೇಲಿರುವುದು ವಿಕಿರಣ ಅಳೆಯುವ ಬಿಲ್ಲೆ ಮಾತ್ರ.
ನನಗೂ ಅದೇ ಬಿಲ್ಲೆ; ಅಂಗಿಯೊಳಗೆ
ಬೆಟಗೇರಿಯಲ್ಲಿ ಅವ್ವ ಕಟ್ಟಿದ ಶಿಲುಬೆ.
ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿದ ಉತ್ತರಗಳಿದ್ದವು.
ಅವನ್ನು ತೆಗೆಯಲಿಲ್ಲ.
ನಿನ್ನೆಯ ಫಿಲ್ಮ್ ತೆಗೆದು ದೀಪಕ್ಕೆ ಹಿಡಿದೆ.

"ಈ ಕರಿ ಚುಕ್ಕೆ ಏನು?"
"ಗಾಳಿಗುಳ್ಳಿ. ಬೆಸುಗಿ ಒಳಗ ತೂತು."
"ಯಾವ ವೆಲ್ಡರ್ ಬೆಸೆದ ಅದನ್ನ? ಯಾವ ರಾಡಿನಿಂದ?"
ನಕ್ಕ. "ತೂತು ಯಾರ್ ಬೆಸೀತಾರ?
ಲೋಹ ಇರಬೇಕಾದಲ್ಲಿ ಇರಲಿಲ್ಲ, ಅಷ್ಟ."

ನಾವು ಹೇಳುವುದೂ ಅಷ್ಟೇ, ಅಂದೆ.
ಮಾಡಿದ್ದನ್ನೆಲ್ಲ ನೋಡಿ ಒಳ್ಳೆಯದು ಎಂದನಂತೆ:
ಉಕ್ಕು, ಉಪ್ಪು, ಉರಿ, ಅಗೋ ಆ ಕಡಲು,
ನಿನ್ನ ಹಾಳು ನಾಲಿಗೆ ಕೂಡ.
ಮಿಕ್ಕ ಸಾಮಾನಿನಿಂದ ಏಳನೆಯ ದಿನ
ಕೇಡನ್ನು ಮಾಡಿ ಕೂರಿಸಲಿಲ್ಲ.
ಅದಕ್ಕೆ ತನ್ನದೆಂಬ ಲೋಹವಿಲ್ಲ.
ಒಳ್ಳೆಯದನ್ನು ತಿಂದೇ ಬದುಕಬೇಕು, ತುಕ್ಕಿನ ಹಾಗೆ;
ಕಬ್ಬಿಣ ತೀರಿದ ದಿನ ತುಕ್ಕಿಗೂ ಮನೆಯಿಲ್ಲ.

ಟೈಮರ್ ಕೂಗಿತು.
ಮೂಲವನ್ನು ಗೂಡಿಗೆಳೆದು, ಮೀಟರ್ ಹಿಡಿದು ನೋಡಿ,
ಫಿಲ್ಮ್ ಬದಲಿಸಿ ಬಂದೆವು.
ಗೆದ್ದೆ ಅಂದುಕೊಂಡಿದ್ದೆ.

ಬಹಳ ಹೊತ್ತು ಲೋಟ ತಿರುಗಿಸಿದ ಅವನು.
"ಪದಮ್ ಸತ್ತದ್ದೂ ಇಲ್ಲದ್ದೊಂದು ಹಲಿಗಿಯಿಂದ."

ಮೇ ತಿಂಗಳು. ಅಟ್ಟಣಿಗೆಯ ಮೂರನೆಯ ಅಂತಸ್ತು.
ಒಂದು ಹಲಗೆ ಇರಬೇಕಾದಲ್ಲಿ ಇರಲಿಲ್ಲ, ಅಷ್ಟೇ.
ಆಮೇಲೆ ಸಿಕ್ಕಿತು, ಕ್ಯಾಂಪಿನ ಕೋಣೆಯಲ್ಲಿ,
ಎರಡು ಇಟ್ಟಿಗೆಗಳ ಮೇಲೆ; ಅದರ ಮೇಲೆ
ಕೊಬ್ಬರಿ ಎಣ್ಣೆ, ಬಾಚಣಿಗೆ,
ಯಾರದೋ ಮಗಳ ಫೋಟೊ, ಎರಡು ಜಡೆ.
ಕೆಡುಕು ಬಯಸಿ ಕದ್ದದ್ದಲ್ಲ,
ಆ ಮಗುವನ್ನು ನಿಲ್ಲಿಸಲು ಒಂದು ಜಾಗ ಬೇಕಿತ್ತು.

ಇದೂ ನನ್ನ ಪಾಠಕ್ಕೇ ಸಾಕ್ಷಿ. ಹೇಳಬಹುದಿತ್ತು:
ಒಳ್ಳೆಯ ಮರ, ಒಳ್ಳೆಯ ಆಸೆ, ಜಾಗ ತಪ್ಪಿದೆ ನೋಡು;
ಕೈಗೆ ಸ್ವಾತಂತ್ರ್ಯ ಕೊಟ್ಟವನು
ಪ್ರತಿ ಸಲ ಕೈ ಹಿಡಿದೆಳೆಯುವುದಿಲ್ಲ.
ಬಾಯಿ ಬರಲಿಲ್ಲ.
ಪದಮ್‌ನ ಚೀಲ ಕಟ್ಟಿದ್ದು ನಾವಿಬ್ಬರೇ.

"ತೂತಂದ್ರ ಏನೂ ಅಲ್ಲ ಅಂತೀ.
ಆ ಏನೂ ಅಲ್ಲದ್ದರೊಳಗ
ಒಬ್ಬ ಮನಷ್ಯಾ ಪೂರ್ತಿ ಹೋದನಲ್ಲೋ.
ಎಲ್ಲಿದ್ದ ನಿಮ್ಮ ಇನ್ಸ್‌ಪೆಕ್ಟರ್?"

ರಿಫೈನರಿಯ ಜ್ವಾಲೆ ಒಮ್ಮೆ ಉದ್ದವಾಗಿ ಕುಗ್ಗಿತು.

ಗೊತ್ತಿಲ್ಲ, ಅಂದೆ.
ಶುಕ್ರವಾರದ ಆರಾಧನೆಯಲ್ಲಿ ನಾನೂ ಇದನ್ನೇ ಕೇಳುತ್ತೇನೆ,
ಬಾಯಿ ಬಿಡದೆ.
ಗೊತ್ತಿರುವುದು ಇಷ್ಟು: ಕೊಂದರು ಅವನನ್ನೂ, ಮೊಳೆ ಹೊಡೆದು.
ಮೂರನೆಯ ದಿನ ಎದ್ದಾಗ ಹೊಸ ಮೈ.
ಬೇಕಿದ್ದರೆ ರಿಪೇರಿ ಮಾಡಿಕೊಳ್ಳಬಹುದಿತ್ತು,
ತುಂಬಿ, ಉಜ್ಜಿ, ಗುರುತೇ ಸಿಗದ ಹಾಗೆ.
ಮಾಡಿಕೊಳ್ಳಲಿಲ್ಲ.
ನಂಬದ ಗೆಳೆಯನೊಬ್ಬ ಬಂದಾಗ
ವಾದಕ್ಕೆ ನಿಲ್ಲದೆ ಅಂಗೈ ಬಿಚ್ಚಿದ:
ಇಗೋ, ಇಲ್ಲಿದೆ ತೂತು. ಬೆರಳಿಡು.

"ಅಂದ್ರ ನಮ್ಮ ಟೆಸ್ಟಿನ್ಯಾಗ ನಿಮ್ಮ ದೇವರು ಫೇಲ್."
"ಫೇಲ್," ಅಂದೆ.

ಉಳಿದ ಚಹಾ ನನ್ನ ಲೋಟಕ್ಕೇ ಸುರಿದ.
ಟೈಮರ್ ಕೂಗುವ ಹೊತ್ತಿಗೆ, ಎದ್ದು ನಿಂತು,
ಆ ಕಡೆ ನೋಡುತ್ತಾ ಕೇಳಿದ:
"ಇಟ್ಟನೇನು ಬೆರಳು, ಅಂವ?"

"ಅದನ್ನು ಬರೆದಿಲ್ಲ."