ಮೈನಸ್ ಒಂದು

ಕೌಂಟರ್ ಮೂರು ನನ್ನದು. ಬಾಗಿಲಿಗೆ ನೇರ.
ಫಾರ್ಮಿನ ಮೇಲೆ ಸ್ಟಾಂಪ್ ಪ್ಯಾಡು ಹೇರಿಯೇ ಕೂರಬೇಕು,
ಇಲ್ಲವಾದರೆ ಕಾರವಾರದ ಗಾಳಿ
ಯಾರ ಸಹಿಯನ್ನು ಯಾರ ಖಾತೆಗೆ ಒಯ್ಯುತ್ತದೋ.

ಇಲ್ಜೆ ಬಾಯಿ ಬಂದದ್ದು ಸೋಮವಾರ,
ಕೋಡಿಬಾಗದಿಂದ, ಸೈಕಲ್ಲಿನಲ್ಲಿ.
ಚೀಲದಲ್ಲಿ ಪಾಸ್‌ಪೋರ್ಟು, ಕರೆಂಟು ಬಿಲ್ಲು, ಎರಡು ಫೋಟೋ,
ಅದರಡಿಗೆ ಅರ್ಧ ಡಜನ್ ನೊಗಲಿ.
ವಾಸನೆಗೆ ಅವರು ಕ್ಷಮೆ ಕೇಳಲಿಲ್ಲ,
ನಾನು ಬೆಲೆ ಕೇಳಿದೆ.
ಮುನ್ನೂರು. ಮೋಸ ಹೋಗಿರಲಿಲ್ಲ.

ಬೇಕಾದ್ದು ಕ್ರೆಡಿಟ್ ಕಾರ್ಡು.
ಗಂಡ ಉಳ್ವೇಕರ್, ಹಡಗಿನ ಇಂಜಿನಿಯರು, ಈಗ ನಿವೃತ್ತ.
ಅವರ ಕಾರ್ಡಿಗೇ ಇನ್ನೊಂದು ಜೋಡಿಸಿ ಕೊಡುತ್ತೇವೆ ಬಾಯಿ,
ಪುಕ್ಕಟೆ, ಎಂದೆ.
"ಬಾಲ ಬೇಡ" ಎಂದರು.
"ಸಾಲ ಮಾಡಬೇಕು. ನನ್ನ ಹೆಸರಲ್ಲಿ."

ಹುಟ್ಟಿದ ದೇಶ?
ಪಟ್ಟಿ ಎಳೆದೆ, ಎಳೆದೆ, ಕೆಳಗೆ ಎಲ್ಲೋ ಸಿಕ್ಕಿತು.
ಆದರೆ ಅವರು ಹುಟ್ಟಿದಾಗ ಅಲ್ಲಿ ಬೇರೆ ದೇಶವಿತ್ತಂತೆ.
ಮನೆ ಕದಲಿಲ್ಲ, ದೇಶ ಸರಿಯಿತು,
ಅಮ್ಮ ಬಟ್ಟೆ ಒಣಹಾಕುವ ಹಗ್ಗವೂ ಅದೇ.
ನಾನು ತಲೆಯಾಡಿಸಿದೆ. ನಮ್ಮಜ್ಜಿ
ಮುಂಬಯಿ ರಾಜ್ಯದಲ್ಲಿ ಮಲಗಿ ಮೈಸೂರಿನಲ್ಲಿ ಎದ್ದವಳು.
ಚಾಪೆ ಅದೇ.

ಖಾಯಂ ವಿಳಾಸ? ಪಕ್ಕದಲ್ಲಿ ಕೆಂಪು ಚುಕ್ಕಿ,
ತುಂಬದೆ ಮುಂದೆ ಹೋಗಲು ಬಿಡುವುದಿಲ್ಲ.
ಅಲ್ಲಿನ ಮನೆ ಮಾರಿದ್ದಾರೆ, ಟಯರಿನ ಅಂಗಡಿ ಬಂದಿದೆ.
ಅಲ್ಲಿನ ಬ್ಯಾಂಕು ಹಳೆಯ ಕಾರ್ಡು ಮುಗಿದಾಗ ಹೊಸದನ್ನು
ಆ ಅಂಗಡಿಗೇ ಕಳಿಸಿತಂತೆ.
ನನ್ನ ಖಾಯಂ ವಿಳಾಸ ಯಾರೂ ಕೇಳಲಿಲ್ಲ.
ಕೇಳಿದ್ದರೆ ಅರ್ಗಾ.
ನೌಕಾನೆಲೆಯ ಗೋಡೆಯ ಆಚೆ, ಪಾಸಿಲ್ಲದೆ
ನಮ್ಮದೇ ಬಾವಿಗೆ ಇಣುಕುವಂತಿಲ್ಲ.
ಕೋಡಿಬಾಗ ಎಂದೇ ಬರೆದೆ, ಎರಡೂ ಕಡೆ.

ಚಕ್ರ ತಿರುಗಿತು, ತಿರುಗಿತು. ಸ್ಕೋರು ಬಂತು.
ಮೈನಸ್ ಒಂದು.

ಕೆಟ್ಟದೇನಲ್ಲ ಬಾಯಿ. ಇತಿಹಾಸವಿಲ್ಲ ಎಂದಷ್ಟೇ ಅರ್ಥ.
ಈ ದೇಶದಲ್ಲಿ ನೀವು ಯಾರಿಗೂ ಏನೂ ಕೊಡಬೇಕಾಗಿಲ್ಲ.

ಇಪ್ಪತ್ತೆರಡು ವರ್ಷ, ಎಂದರು, ಬೆರಳು ಮಡಚುತ್ತ:
ಕಾಳಿಯ ಇಳಿತದಲ್ಲಿ ಕೊಚ್ಚಿಹೋಗುವಾಗ
ಜಡೆ ಹಿಡಿದು ದೋಣಿಗೆ ಎಳೆದ ಹುಡುಗ, ಜಡೆ ನೋವು ಮೂರು ದಿನ.
ಬಾಣಂತನದಲ್ಲಿ ಶೇವಂತಿ ತಂದ ಶುಂಠಿ, ಬೆಲ್ಲ.
ಸೌಟು ತೋರಿಸಿ ಕೊಂಕಣಿ ಕಲಿಸಿದ ಅತ್ತೆ.
ಇದ್ಯಾವುದೂ ತೀರಿಸಿಲ್ಲ.
ತೀರಿಸಲಿಕ್ಕೆ ಹೋದರೆ ಬಯ್ಯುತ್ತಾರೆ.

ತೀರಿಸದಿದ್ದರೆ ಸ್ಕೋರು ಇನ್ನೂ ಕೆಡುತ್ತದೆ, ಎಂದೆ.
ಮ್ಯಾನೇಜರು ತಲೆಯೆತ್ತಿ ನೋಡುವಷ್ಟು ನಕ್ಕರು.

ಕೊನೆಗೆ ಉಳಿದದ್ದು ಒಂದೇ ದಾರಿ:
ಠೇವಣಿ ಇಡಿ, ಅದರ ಮೇಲೆ ಕಾರ್ಡು.
ಲಕ್ಷಕ್ಕೆ ಎಂಬತ್ತು ಸಾವಿರ.
"ಅಂದರೆ ನನ್ನ ದುಡ್ಡು ನೀವು ಇಟ್ಟುಕೊಂಡು
ನನ್ನನ್ನು ನಂಬುತ್ತೀರಿ."
ಹೌದು ಬಾಯಿ. ರೂಪಾಯಿಗೆ ಎಂಬತ್ತು ಪೈಸೆಯಷ್ಟು.

ದುಡ್ಡು ಬ್ರೆಡ್ಡಿನದ್ದು. ಹನ್ನೊಂದು ವರ್ಷ
ಕಾಣಕೋಣದ ಹೋಟೆಲುಗಳಿಗೆ ಬೆಳಗಿನ ಬಸ್ಸಿನಲ್ಲಿ ಕಳಿಸಿದ
ಕರಿ ಬ್ರೆಡ್ಡು. ನನಗೂ ಒಮ್ಮೆ ಕೊಟ್ಟಿದ್ದರು:
ಹುಳಿ, ಗಟ್ಟಿ, ಮೀನು ಸಾರಿನಲ್ಲಿ ನೆನೆಸಿದರೆ ಅಡ್ಡಿಯಿಲ್ಲ.

ಮೂರು ವಾರಕ್ಕೆ ಕಾರ್ಡು ಬಂತು.
ಉಳ್ವೇಕರಿನ ಕರ್ ಕತ್ತರಿಸಿ ಹೋಗಿತ್ತು, ಜಾಗ ಸಾಲದೆ.
ಇರಲಿ, ಎಂದರಂತೆ. ಕೊರಿಯರ್ ಹುಡುಗನಿಗೆ ಚಹಾ ಕೊಟ್ಟರಂತೆ.

ಮುಂದಿನ ತಿಂಗಳು, ಕಡೆಯ ತಾರೀಖಿಗೆ ಇನ್ನೂ ಆರು ದಿನವಿರುವಾಗ
ಸಾಲಿನಲ್ಲಿ ನಿಂತಿದ್ದರು, ನಗದು ಎಣಿಸುತ್ತ.
ಫೋನಿನಲ್ಲೇ ಕಟ್ಟಬಹುದಿತ್ತು. ಗೊತ್ತು, ಎಂದರು.
ಬಿಲ್ಲು ನಾಲ್ಕುನೂರ ಹತ್ತು:
ಸೈಕಲ್ಲಿನ ಮುಂದಿನ ಗಾಲಿಗೆ ಟಯರು.
ಇದು ತಾನು ತೀರಿಸಿದ್ದು.

"ಈಗ ಇತಿಹಾಸ ಬಂತೇ?"
ಆರು ತಿಂಗಳು ಬೇಕು ಬಾಯಿ, ಬಿಡದೆ.
ಅವರು ಕ್ಯಾಲೆಂಡರು ನೋಡಿದರು, ಮತ್ತೆ ನನ್ನನ್ನು.
"ಬರುವ ತಿಂಗಳು ಏನು ತೆಗೆದುಕೊಳ್ಳಲಿ?"

ಬಾಗಿಲಾಚೆ ಸೈಕಲ್ಲು ಗೋಡೆಗೆ ಒರಗಿತ್ತು,
ಹಿಂದಿನ ಗಾಲಿ ಮೆತ್ತಗೆ ಕುಸಿದು.
ಪಂಪು, ಎಂದೆ.