ಕ್ಯಾಬ್ ಎತ್ತಿದ ಮೇಲೆ

ಆರ್ಲೊ ಟ್ವೈಟ್‌ನ ಪಿಕಪ್ಪಿಗೆ ಎರಡು ವರ್ಷವೂ ತುಂಬಿಲ್ಲ.
ಗ್ರಾಫ್ಟನ್ನಿನ ಹೊಲಗಳಲ್ಲಿ ಹಗಲೂ ರಾತ್ರಿ ಸಕ್ಕರೆ ಬೀಟ್ ಕೀಳುವ ವಾರ
ಕಂಪನಿಯ ಕಾಗದ ಬಂತು:
ತಮ್ಮ ಇಂಜಿನ್ ಯಾವುದೇ ಮುನ್ಸೂಚನೆಯಿಲ್ಲದೆ ನಿಂತುಹೋಗಬಹುದು.
‘ಮುನ್ಸೂಚನೆಯಿಲ್ಲದೆ ಅಂತ ಮುನ್ಸೂಚನೆ ಕೊಟ್ಟಿದ್ದಾರೆ ನೋಡು, ರೊವೀನಾ’
ಎಂದು ಕೀಲಿಕೈಯನ್ನು ನನ್ನ ಮೇಜಿನ ಮೇಲಿಟ್ಟ,
ಸತ್ತ ಇಲಿಯನ್ನು ಬಾಲ ಹಿಡಿದು ಇಡುವವನ ಹಾಗೆ.

ಕಾರ್ಖಾನೆಯಲ್ಲಿ ಕೊರೆದಾಗ ಉಳಿದ ಉಕ್ಕಿನ ಚೂರು,
ರೆಪ್ಪೆಗೂದಲಿಗಿಂತ ಸಣ್ಣದು,
ಎಣ್ಣೆಯ ಹಾದಿಯಲ್ಲೆಲ್ಲೋ ಕೂತಿದೆಯಂತೆ.
ಕೂತಿಲ್ಲದೆಯೂ ಇರಬಹುದಂತೆ.
ಅದಕ್ಕಾಗಿ ಇಡೀ ಇಂಜಿನ್ನೇ ಬದಲು.
ಇಂಜಿನ್ ತೆಗೆಯಲು ಕ್ಯಾಬ್ ಎತ್ತಬೇಕು,
ಕ್ಯಾಬ್ ಎತ್ತಲು ಮೂವತ್ತೆಂಟು ವೈರು, ಆರು ಪೈಪು, ಎಂಟು ಬೋಲ್ಟು,
ಹದಿನೆಂಟು ಗಂಟೆ. ಕಂಪನಿ ಕೂಲಿ ಕೊಡುವುದು ಹನ್ನೆರಡಕ್ಕೆ.

ಲಿಫ್ಟಿನ ಮೇಲೆ ಈಗ ಕ್ಯಾಬ್ ತೂಗುತ್ತಿದೆ,
ರುಂಡ ಬೇರೆ, ಮುಂಡ ಬೇರೆ.
ಒಳಗೆ ಎಲ್ಲ ಇದ್ದ ಹಾಗೇ ಇದೆ: ಮೊಮ್ಮಗಳ ಒಂಟಿ ಕೈಗವಸು,
ಸೂರ್ಯಕಾಂತಿ ಬೀಜದ ಸಿಪ್ಪೆ ತುಂಬಿದ ಲೋಟ,
ಚರ್ಚಿನ ಊಟದ ಪಾತ್ರೆ, ತೊಳೆದು ಹಿಂದಿರುಗಿಸಬೇಕಾದ್ದು.

ಆರ್ಲೊ ಕೆಳಗೆ ನಿಂತು ಕತ್ತು ಚಾಚಿ ಭಾಷಣ:
‘ನಮ್ಮಪ್ಪನ ಗಾಡಿಯಲ್ಲಿ ಬಾನೆಟ್ ಎತ್ತಿದರೆ
ಇಂಜಿನ್ನಿನ ಎರಡೂ ಕಡೆ ನೆಲ ಕಾಣುತ್ತಿತ್ತು.
ಸ್ಪ್ಯಾನರ್ ಬಿದ್ದರೆ ನೇರ ಹುಲ್ಲಿಗೆ.
ಇದರಲ್ಲಿ ಬಿದ್ದದ್ದು ದೇವರಿಗೇ ಗೊತ್ತು.
ಸೀಟು ಬಿಸಿಯಾಗುತ್ತೆ, ಬೆನ್ನಿಗೆ ಹಿತ, ಒಪ್ಪಿದೆ;
ಹತ್ತೋದಕ್ಕೆ ಏಣಿ ಬೇಕು.
ಹಿಂದಿನ ಡಬ್ಬಿಯ ಗೋಡೆ ನನ್ನ ಗದ್ದಕ್ಕೆ ಬರುತ್ತೆ.
ಎದುರಿಗೆ ಮಗು ನಿಂತರೆ ಕಾಣಿಸಲ್ಲ, ಅದಕ್ಕೊಂದು ಕ್ಯಾಮೆರಾ!
ಎತ್ತರ ಮಾಡಿದವರು ಯಾರು, ಕ್ಯಾಮೆರಾ ಮಾರಿದವರು ಯಾರು?’

ಒಂದೊಂದು ದೂರಿಗೆ ಒಂದೊಂದು ಬೆರಳು ಮಡಿಸುತ್ತಾನೆ.
ಆ ಕೈಯಲ್ಲಿ ನಾಲ್ಕೂವರೆ.
ಉಳಿದರ್ಧ ಅಪ್ಪನ ಗಾಡಿಯ ಫ್ಯಾನಿಗೆ ಹೋಯಿತು,
ಎಪ್ಪತ್ತೊಂದರ ಚಳಿಗಾಲ.
ನಾನು ಏನೂ ಅನ್ನಲಿಲ್ಲ.

‘ಆ ಚೂರು ತೋರಿಸು. ನನ್ನ ದುಡ್ಡು ತಿಂದದ್ದರ ಮುಖ ನೋಡಬೇಕು.’
ತೋರಿಸುವಂತಿಲ್ಲ. ಹಳೆಯದನ್ನು ಬಿಚ್ಚಬಾರದೆಂದು ಆಜ್ಞೆ;
ಎಣ್ಣೆ ಬಸಿದು, ಬಾಯಿ ಮುಚ್ಚಿ, ಪೆಟ್ಟಿಗೆಗೆ ಮೊಳೆ ಹೊಡೆದು
ತವರಿಗೆ ಕಳಿಸಬೇಕು.
ಅಲ್ಲಿ ಏನಂತಾರೋ, ಯಾರ ತಪ್ಪಂತಾರೋ.

ಆದರೂ ಅವನು ಕಾಫಿಗೆ ಹೋದಾಗ
ಬಸಿದ ಎಣ್ಣೆಯಲ್ಲಿ ಅಯಸ್ಕಾಂತ ಆಡಿಸಿದೆ.
ಏನೂ ಬರಲಿಲ್ಲ. ಮತ್ತೆ ಆಡಿಸಿದೆ.
ಸೋಸಿಟ್ಟ ಜೇನಿನಷ್ಟು ಶುದ್ಧ.

ಅವನಿಗೆ ಹೇಳಬೇಕೆ?
ಹೊಸ ಇಂಜಿನ್ ಮೂಲೆಯಲ್ಲಿದೆ, ಪ್ಲಾಸ್ಟಿಕ್ ಹೊದ್ದು.
ಅದೇ ಕಾರ್ಖಾನೆ, ಅದೇ ಕೊರೆಯುವ ಯಂತ್ರ.
ಅದರ ಹೊಟ್ಟೆಯನ್ನೂ ನಾನು ಬಿಚ್ಚುವಂತಿಲ್ಲ.

ಹೊರಗೆ ಇನ್ನೂ ಹನ್ನೊಂದು ನಿಂತಿವೆ, ಹಣೆಯ ಮೇಲೆ ಮೊದಲ ಹಿಮ.
ಆರ್ಲೊ ಎರಡು ಲೋಟ ಹಿಡಿದು ಬಂದ.
ನನ್ನದಕ್ಕೆ ಸಕ್ಕರೆ ಜಾಸ್ತಿ ಸುರಿದಿದ್ದ.
‘ನಮ್ಮ ಹೊಲದ್ದೇ ಇರಬೇಕು’ ಎಂದ.
‘ಕಲ್ಲು ಸಿಕ್ಕರೆ ನನ್ನನ್ನು ವಾಪಸ್ ಕರೆಸು.’