ಕತ್ತಲ ತಟ್ಟೆ

ಬೈತಖೋಲದ ಬಂಡೆಗೆ ಅಂಟಿದ ಹಸಿರು ಪಾಚಿ.
ಇಳಿತದ ಹೊತ್ತಿಗೆ ಕೆರೆದು ತಂದು,
ಉಪ್ಪು ತೊಳೆದು, ನೆರಳಲ್ಲಿ ಒಣಗಿಸಿ
ಅಸಿಟೋನಿನಲ್ಲಿ ನೆನೆಹಾಕಿದರೆ
ಬೆಳಗಾಗುವುದರೊಳಗೆ ಬಣ್ಣವನ್ನೆಲ್ಲ ಬಿಟ್ಟುಕೊಡುತ್ತದೆ,
ಅಗ್ಗದ ಸೀರೆ ಮೊದಲ ಒಗೆತಕ್ಕೆ ಬಿಟ್ಟಂತೆ.

ಆಮೇಲೆ ಎರಡು ಹನಿ ಆಮ್ಲ.
ಹಸಿರಿನ ನಟ್ಟನಡುವೆ ಕೂತಿದ್ದ ಮೆಗ್ನೀಸಿಯಂ
ಎದ್ದು ಹೊರಡುತ್ತದೆ;
ಉಳಿದದ್ದು ನಿನ್ನೆ ಬೇಯಿಸಿದ ಬಸಳೆಯ ಕಂದು.
"ಕೆಟ್ಟೋಯ್ತಲ್ರಾ ಅಕ್ಕೋರೆ" ಅನ್ನುತ್ತಾನೆ ಪುರ್ಸು,
ಹನ್ನೊಂದು ವರ್ಷದಿಂದ ಇಲ್ಲಿ ಗಾಜು ತೊಳೆಯುವವನು.

ದೀಪ ಆರಿಸಿ ನೇರಳೆ ಟಾರ್ಚು ಬಿಟ್ಟೆ.
ಕಂದು ನೀರಿನ ಹೊಟ್ಟೆಯಿಂದ ಕೆಂಪು ಎದ್ದಿತು,
ಮುರುಗಲು ಹಿಂಡಿದಂಥ ಕೆಂಪು.
ಪುರ್ಸು ಚಾಚಿದ ಕೈ ಹಿಂದಕ್ಕೆಳೆದುಕೊಂಡ.

ಬಣ್ಣಕ್ಕೆ ಬೆಳಕು ತಿನ್ನಿಸಿದರೆ
ಅದು ಪಕ್ಕದ ಆಮ್ಲಜನಕವನ್ನು ಕೆಣಕುತ್ತದೆ,
ಕೆರಳಿದ ಆಮ್ಲಜನಕ ಎದುರು ಸಿಕ್ಕಿದ್ದನ್ನು ಸುಡುತ್ತದೆ.
ದೂರ ಹೋಗುವಷ್ಟು ಆಯುಷ್ಯ ಅದಕ್ಕಿಲ್ಲ, ಅದೇ ಪುಣ್ಯ.
ನನ್ನ ವಿದ್ಯೆ ಇಷ್ಟೇ.
ಮಿಕ್ಕಿದ್ದೆಲ್ಲ ಗಾಜು ತೊಳೆಯುವುದು.

ಮೂರನೆಯ ಸೀಸೆ ನೀರಲ್ಲಿ ಕರಗದೆ
ರವೆಯ ಹಾಗೆ ಗಂಟುಗಟ್ಟಿತು.
ಒಂಬತ್ತನೆಯದನ್ನು ಕಿಟಕಿಯ ಬಳಿ ಮರೆತೆ:
ತಾನೇ ಬಿಸಿಲು ಕುಡಿದು ತಾನೇ ಬಿಳಿಚಿಕೊಂಡಿತು.
ನಡುವೆ ಕರೆಂಟು ಹೋಗಿ ಸತ್ತವು ಲೆಕ್ಕಕ್ಕಿಲ್ಲ.
ಹನ್ನೆರಡನೆಯದು ಚೆನ್ನಾಗಿ ಕೊಂದಿತು,
ಬಹಳ ಚೆನ್ನಾಗಿ,
ಕತ್ತಲ ತಟ್ಟೆಯಲ್ಲೂ.

ಕತ್ತಲ ತಟ್ಟೆ ಅಂದರೆ
ಅದೇ ರೋಗದ ಕೋಶ, ಅದೇ ಬಣ್ಣ, ಅಷ್ಟೇ ಹೊತ್ತು,
ಮೇಲೊಂದು ಬೆಳ್ಳಿಹಾಳೆಯ ಮುಸುಕು.
ಬೆಳಕು ತಾಗದೆ ಅಲ್ಲಿ ಯಾವುದೂ ಸಾಯಕೂಡದು.
ಸತ್ತರೆ ನಾನು ಮಾಡಿದ್ದು ಔಷಧವಲ್ಲ, ವಿಷ.
ವಿಷ ಮಾಡಲು ಇಷ್ಟು ಓದಬೇಕಿರಲಿಲ್ಲ.

ನಮ್ಮ ಕೆಂಪು ದೀಪ ಸುಟ್ಟುಹೋದ ವಾರ
ಪುರ್ಸುವಿನ ಅಣ್ಣ ಜಟ್ಟಿ
ಹೆಗಲ ಮೇಲೊಂದು ದೀಪ ಹೊತ್ತು ಬಂದ.
ರಾತ್ರಿ ಬೋಟಿನದು, ಸಿಕ್ಕಿಬಿದ್ದರೆ ದಂಡ.
ಇದರ ಕೆಳಗೆ ಕಡಲು ಹಗಲಾಗುತ್ತದಂತೆ,
ಬೊಂಡಾಸ ಹಿಂಡುಹಿಂಡಾಗಿ ಮೇಲೆ ಬಂದು
ಬೆಳಕನ್ನು ನಂಬಿ ಬಲೆಗೆ ಬೀಳುತ್ತವಂತೆ.
"ಇಟ್ಕಣಿ ಅಕ್ಕೋರೆ, ನಾ ಆ ಕೆಲ್ಸ ಬಿಟ್ಟೆ."

ಕಣ್ಣು ಕುಕ್ಕುವ ಬಿಳಿ. ನನಗೆ ಬೇಕಾದದ್ದು
ಆರುನೂರ ಅರವತ್ತರ ಕೆಂಪು,
ಮಾಂಸದೊಳಗೆ ಒಂದು ಅಕ್ಕಿಕಾಳಿನಷ್ಟಾದರೂ ಇಳಿಯುವಂಥದು.
ಬೇಡವೆನ್ನಲು ತಲೆ ಎತ್ತಿದೆ.
ಅವನು ನಗುತ್ತಿದ್ದ. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ.
ಎಡಗೆನ್ನೆಯ ಒಳಗೆ ಬಿಳಿ ಕಲೆ,
ಕವಡೆಯ ಅಂಚಿನಂತೆ ಹಲ್ಲುಹಲ್ಲು.
ದೀಪ ಬರೀ ನೆಪ.

"ನಿಮ್ದು ತಯಾರಾತಾ?"

ಅಂದು ಬೆಳಿಗ್ಗೆಯಷ್ಟೇ ಹದಿನೇಳನೆಯ ಸೀಸೆಯ ಲೆಕ್ಕ ಬಂದಿತ್ತು:
ಬೆಳಕಲ್ಲಿ ನೂರಕ್ಕೆ ಎಂಬತ್ತೊಂದು ಸತ್ತಿದ್ದವು,
ಕತ್ತಲಲ್ಲಿ ನಾಲ್ಕು.
ನಂಬದೆ ಎರಡನೇ ಸಲ ಎಣಿಸಿದ್ದೆ,
ಕುಣಿಯುವುದೊಂದು ಬಾಕಿಯಿತ್ತು.

ಏನು ಹೇಳಲಿ? ಇನ್ನು ಇಲಿ, ಇಲಿಯ ನಂತರ ಕಾಗದ,
ಕಾಗದದ ನಂತರ ದೊಡ್ಡ ಊರಿನ ಸಮಿತಿ,
ಹತ್ತು ವರ್ಷ, ಗ್ರಹಗತಿ ನೆಟ್ಟಗಿದ್ದರೆ.
ಆಸ್ಪತ್ರೆಯ ಹೆಸರು, ಡಾಕ್ಟರ ಹೆಸರು, ಬಸ್ಸಿನ ವೇಳೆ
ಚೀಟಿಯಲ್ಲಿ ಬರೆದುಕೊಟ್ಟೆ.
ನಾಳೆಯೇ ಹೋಗು ಅಂದೆ. ಅಲ್ಲಿ ಕತ್ತಿ ಅನ್ನಲಿಲ್ಲ.

ಚೀಟಿ ಮಡಚುತ್ತ ಕೇಳಿದ:
"ನಿಮ್ಮ ಬಣ್ಣಕ್ಕೆ ಪಥ್ಯ ಎಂತದು?"
ಬಿಸಿಲು, ಅಂದೆ. ಮೈಯಲ್ಲಿ ಬಣ್ಣ ಇರುವಷ್ಟು ದಿನ
ಹಗಲಿಗೆ ಹೋಗಬಾರದು, ಸುಡುತ್ತದೆ.
"ಮೂವತ್ ವರ್ಷ ರಾತ್ರೀಲೇ ದುಡದವ್ಗೆ
ಇದೂ ಒಂದ್ ಪಥ್ಯನಾ!"
ಮತ್ತೆ ನಕ್ಕ, ಬಾಯಿ ಬಿಟ್ಟಷ್ಟು.

ಆಮೇಲೆ ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದ.
ಒಳಗೆ ಕತ್ತಲೆ.
ಅಲ್ಲಿ ಯಾವುದೂ ಸಾಯುತ್ತಿರಲಿಲ್ಲ.

ಪುರ್ಸು ನಲ್ಲಿ ಬಿಟ್ಟು ಗಾಜಿಗೆ ಸೋಪು ಹಚ್ಚಿದ.
ಬೆನ್ನು ತಿರುಗಿಸದೆ ಅಂದ:
"ನಾಳೆ ಇಳಿತ ಬೆಳಗಿನ ಐದೂಕಾಲಿಗೆ."